ಕುಲುಕಿ ನೋಡುವುದು

ತಿಪಟೂರು, ಬಿ.ಎಚ್. ರಸ್ತೆ, ಸ್ಟುಡಿಯೋದ ಮೇಲಿನ ಕೋಣೆ.
ಮೂವತ್ತೇಳು ವರ್ಷದ ಮದುವೆ, ಸೀಮಂತ, ಅರ್ಜಿಯ ಮುಖಗಳು
ಹನ್ನೊಂದು ಹಾರ್ಡ್ ಡಿಸ್ಕಿನಲ್ಲಿ,
ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬದಲ್ಲಿ.
ಏಳನೆಯ ಡಿಸ್ಕು ಹೋದ ಯುಗಾದಿಯಿಂದ
ಹಲ್ಲಿಯ ಹಾಗೆ ಲೊಚಗುಟ್ಟುತ್ತಿದೆ.
ಶಕುನ ಹೇಳಲು ಯಾರೂ ಬೇಕಿಲ್ಲ.

“ಎಲ್ಲಾ ಕ್ಲೌಡಿಗೆ ಹಾಕ್ಬಿಡು ದಾಕ್ಷಾಯಿಣಿ”
ಅಂದು ಪಾಷಾ ಭಾಯಿ ಟೀ ಕುಡಿಯಲು ಇಳಿದರು,
ಅಟ್ಟಕ್ಕೆ ಹಾಕು ಅಂದಷ್ಟೇ ಸಲೀಸಾಗಿ.

ಯಾವುದರಿಂದ ಹಾಕಲಿ?
ಮೂರು ತಂತ್ರಾಂಶ ಇಳಿಸಿಕೊಂಡೆ.
ಒಂದಕ್ಕೆ ಬಣ್ಣಬಣ್ಣದ ಗುಂಡಿ,
ನಾಲ್ಕೇ ಗಂಟೆಗೆ ಹಸಿರು ಗುರುತು: ಎಲ್ಲ ತಲುಪಿತು.
ಎಲ್ಲ ಅಂದರೆ ಎಷ್ಟು? ಅದು ಹೇಳುವುದಿಲ್ಲ.
ಇನ್ನೊಂದು ತನ್ನದೇ ಗಂಟು ಹಾಕಿ ಕಟ್ಟುತ್ತದೆ,
ಬಿಚ್ಚಲು ಅದೇ ಬರಬೇಕು;
ಕಂಪನಿ ಬಾಗಿಲು ಹಾಕಿದ ದಿನ
ನಮ್ಮ ಗಂಟು ನಮಗೇ ಬಿಚ್ಚದು.
ಮೂರನೆಯದು ಕಪ್ಪು ಪರದೆ, ಬಿಳಿ ಅಕ್ಷರ,
ಒಂದು ಅಡ್ಡಗೀಟು ತಪ್ಪಿದರೂ ಸಿಡುಕು.

ಬಾಡಿಗೆಯ ಪಟ್ಟಿ ಬೇರೆ.
ಬಿಸಿ ಜಾಗ ದುಬಾರಿ, ತಣ್ಣನೆಯದು ಅಗ್ಗ,
ತೀರಾ ತಣ್ಣಗಿನದು ಚಿಲ್ಲರೆ ಕಾಸು.
ಇಡುವಾಗ ನಗುನಗುತ್ತ ಇಸಿದುಕೊಳ್ಳುತ್ತಾರೆ,
ತೆಗೆಯುವಾಗ ಅರ್ಧ ದಿನ ಕಾಯಬೇಕು, ತೆಗೆದ ಕೂಲಿ ಕೊಡಬೇಕು.
ಯಾರ ಮದುವೆಯನ್ನು ತಣ್ಣಗಿಡಲಿ?

ಕಿಟಕಿಯಾಚೆ ಕಲ್ಲೇಶಜ್ಜನ ಕೊಬ್ಬರಿ ಗೋದಾಮು.
ಹನ್ನೊಂದು ತಿಂಗಳು ಅಟ್ಟದಲ್ಲಿದ್ದ ಕಾಯಿಗಳು ಇಳಿಯುತ್ತಿವೆ.
ಒಂದೊಂದನ್ನೂ ಕಿವಿಗೆ ಹಿಡಿದು ಕುಲುಕುತ್ತಾನೆ.
ಲೊಟಲೊಟ ಅಂದರೆ ಗಿಟುಕು, ಬಲಕ್ಕೆ.
ಗುಳುಗುಳು ಅಂದರೆ ಇನ್ನೂ ನೀರು, ಮತ್ತೆ ಅಟ್ಟಕ್ಕೆ.
ಏನೂ ಅನ್ನದಿದ್ದರೆ ಮುಖ ಸಿಂಡರಿಸಿ ಎಡಕ್ಕೆ.
“ಎಲ್ಲಾನೂ ಕುಲುಕ್ತೀಯಾ ಅಜ್ಜ, ಇಷ್ಟು ರಾಶೀನೂ?”
“ಕುಲುಕ್ದೆ ಚೆಂದಾಗೈತೆ ಅಂತ ಹೆಂಗವ್ವ ಹೇಳ್ಲಿ?”

ಕಪ್ಪು ಪರದೆಗೇ ಮರಳಿದೆ.
ಅದು ಪ್ರತಿ ಚಿತ್ರಕ್ಕೂ ಒಂದು ಉದ್ದನೆಯ ಸಂಖ್ಯೆ ಬರೆದಿಡುತ್ತದೆ,
ಇಲ್ಲಿಂದ ಹೊರಡುವಾಗ ಒಮ್ಮೆ, ಅಲ್ಲಿ ಸೇರಿದ ಮೇಲೊಮ್ಮೆ;
ಒಂದು ಚುಕ್ಕಿ ಮಾಸಿದರೂ ಸಂಖ್ಯೆ ಬೇರೆ.
ಆರು ರಾತ್ರಿ ಹಿಡಿಯಿತು. ಕರೆಂಟು ಹೋದಾಗೆಲ್ಲ
ಬಿಟ್ಟ ನುಡಿಯಿಂದಲೇ ಎತ್ತಿಕೊಂಡಿತು,
ಎಲೆಯಡಿಕೆಗೆ ನಿಲ್ಲಿಸಿ ಮತ್ತೆ ಸೋಬಾನೆ ಹಿಡಿವ ಮುದುಕಿಯರಂತೆ.

ಏಳನೆಯ ಬೆಳಗ್ಗೆ:
ಎರಡು ಲಕ್ಷ ಹನ್ನೊಂದು ಸಾವಿರ ಸರಿ. ಮೂರು ತಾಳೆಯಾಗಲಿಲ್ಲ.
ಹಸಿರು ಗುರುತು ಈ ಮೂರರ ಸುದ್ದಿ ಎತ್ತಿರಲಿಲ್ಲ.

ಒಂದು, ವಿಮೆಗೆಂದು ತೆಗೆದ ಸಿಡಿಲು ಹೊಡೆದ ತೆಂಗು.
ಸುಳಿ ಮೊದಲೇ ಹೋಗಿತ್ತು, ಈಗ ಬುಡವೂ ಇಲ್ಲ.
ಒಂದು, ಯಾರದೋ ನಾಮಕರಣ,
ತೊಟ್ಟಿಲವರೆಗೆ ಬಣ್ಣ, ಕೂಸಿನ ಮೇಲೆ ಬೂದಿಯ ಪಟ್ಟೆ.
ಇನ್ನೊಂದು ಪಾಸ್‌ಪೋರ್ಟ್ ಅಳತೆ, ನೀಲಿ ಹಿನ್ನೆಲೆ,
ಹೊನ್ನವಳ್ಳಿಯ ನಂಜಮ್ಮಣ್ಣಿ, ಪಿಂಚಣಿ ಅರ್ಜಿಗೆ.
ಫೈಲಿನ ಹೆಸರಿನಲ್ಲೇ ಇದೆ: ಬಾಕಿ ಹತ್ತು ರೂಪಾಯಿ.
ಅರ್ಧ ಹಣೆ, ಒಂದು ಕಣ್ಣು ಉಳಿದಿದೆ.

ಬಿಸ್ಕತ್ತಿನ ಡಬ್ಬ ಕೆಳಗಿಳಿಸಿದೆ.
ತೆಂಗು ಸಿಗಲಿಲ್ಲ, ಕೂಸೂ ಇಲ್ಲ.
ಸಂಜೆ ಹೊತ್ತಿಗೆ ಬೆಳಕಿಗೆ ಹಿಡಿದ ಒಂದು ಪಟ್ಟಿಯಲ್ಲಿ
ಕಪ್ಪು ಹಲ್ಲು, ಬಿಳಿ ಕೂದಲೆಲ್ಲ ಕಪ್ಪು, ಬಿಳಿಯ ಕಣ್ಣುಗುಡ್ಡೆ,
ನಂಜಮ್ಮಣ್ಣಿ.

ಮತ್ತೆ ಸ್ಕ್ಯಾನ್ ಮಾಡಿ ಬಿಸಿ ಜಾಗಕ್ಕೇ ಹಾಕಿದೆ.
“ಮುಗೀತಲ್ಲ, ಹಳೇ ಡಬ್ಬ ಗುಜರಿಗೆ ಹಾಕ್ಲಾ?” ಅಂದರು ಪಾಷಾ ಭಾಯಿ.
ಬೇಡಿ ಅಂದೆ,
ಬಾಕಿ ಹತ್ತು ರೂಪಾಯಿ ಇದೆ.