ಎಡಗನ್ನಡಿ

ಮೊದಲು ನನ್ನ ಗದ್ದ ಮುಟ್ಟಿ ನೋಡಿ ಅನ್ನುತ್ತೇನೆ ಗಿರಾಕಿಗೆ.
ಎಡಗಡೆ, ಕಿವಿಯ ಕೆಳಗೆ, ಹಾಂ, ಅಲ್ಲೇ.
ಚರ್ಮದಡಿ ತಣ್ಣಗೆ ಒಂದು ಪಟ್ಟಿ, ಆರು ತಿರುಪು.
ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಅಂತಾರಲ್ಲ,
ನನ್ನದು ಮುಂಡಾಸು ಮುಗಿದಲ್ಲಿಂದ ಶುರುವಾದ ಕಥೆ:
ಮುಖ ತೆರೆದ ಹೆಲ್ಮೆಟ್ಟು, ಮೇ ತಿಂಗಳ ಬೆಳಗು,
ಮೀನುಪೇಟೆಯ ತಿರುವಿನಲ್ಲಿ ಯಾರೋ ಚೆಲ್ಲಿದ ಐಸುನೀರು.
ಆಮೇಲೆ ನಲವತ್ತು ದಿನ
ಕೊಳವೆಯಲ್ಲಿ ಹೀರಿದ ಸಾರು.

ಇಷ್ಟು ಹೇಳಿದರೆ ಹತ್ತರಲ್ಲಿ ಏಳು ಮಂದಿ
ಪೂರ್ತಿ ಮುಖ ಮುಚ್ಚುವುದನ್ನೇ ಹೊತ್ತು ಹೋಗುತ್ತಾರೆ.
ಉಳಿದ ಮೂವರು ಅಪ್ಪಟ ಜೆನೋವಾದವರು.
ಸೆಖೆ ಅನ್ನುತ್ತಾರೆ, ಕನ್ನಡಕ ಸಿಕ್ಕಿಕೊಳ್ಳುತ್ತದೆ ಅನ್ನುತ್ತಾರೆ,
ಗುಡ್ಡ ಇಳಿಯುವಾಗ ಕೆನ್ನೆಗೆ ಬಡಿಯುವ ಉಪ್ಪುಗಾಳಿ,
ಅದಕ್ಕೇ ಅಲ್ಲವೇ ಸ್ಕೂಟರು, ಬ್ರುತ್ಸೋನೆ, ಅನ್ನುತ್ತಾರೆ.
ಅವರಿಗೂ ಮಾರುತ್ತೇನೆ. ಹೊಟ್ಟೆಪಾಡು.

ಕಳೆದ ಮಂಗಳವಾರ ಷಟರು ಅರ್ಧ ಇಳಿಸಿದ ಮೇಲೆ
ಬಗ್ಗಿ ಒಳಬಂದರು ಗಂಡ ಹೆಂಡತಿ.
ಎರ್ಮೆಸ್, ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸದವನು.
ನಿವೇಸ್, ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವಳು,
ಹುಟ್ಟಿದಂದಿನಿಂದ ಕಿವಿ ಕೇಳದು.
ನಾನು ಗದ್ದದ ಕಥೆ ತೆಗೆದೆ.
ಅವಳು ನನ್ನ ಬಾಯನ್ನೇ ನೋಡುತ್ತ ನಿಂತಳು
ದಾರ ಹಿಡಿದವಳು ಸೂಜಿಯ ಕಣ್ಣು ನೋಡುವ ಹಾಗೆ.
ಅಷ್ಟು ನಿಗಾ ಇಟ್ಟು ನನ್ನ ಮಾತು ಯಾರೂ ಕೇಳಿದ್ದಿಲ್ಲ,
ಮನೆಯಲ್ಲಂತೂ ಇಲ್ಲ.

ಎರ್ಮೆಸ್ ಒಂದು ಕಪ್ಪನೆಯದನ್ನು ತಲೆಗೆ ಇಳಿಸಿಕೊಂಡ,
ಅವಳ ಕಡೆ ತಿರುಗಿ ಒಳಗಿಂದ ಏನೋ ಅಂದ.
ಅವಳು ಗದ್ದದ ಜಾಗದಲ್ಲಿ ಬೆರಳ ಗೆಣ್ಣಿನಿಂದ
ಎರಡು ಸಲ ತಟ್ಟಿದಳು,
ಮನೆಯಲ್ಲಿ ಯಾರಾದರೂ ಇದ್ದೀರಾ ಎಂಬಂತೆ.

ಆಮೇಲೆ ಅವನೇ ಬಿಡಿಸಿ ಹೇಳಿದ:
ನಮ್ಮ ಸ್ಕೂಟರಿನ ಬಲಗನ್ನಡಿ ರಸ್ತೆಗೆ,
ಎಡಗನ್ನಡಿ ನನ್ನ ಬಾಯಿಗೆ.
ಇವಳು ಹಿಂದೆ ಕೂತು ಭುಜದ ಮೇಲಿಂದ ಓದುತ್ತಾಳೆ.
ಹನ್ನೊಂದು ವರ್ಷದ ದಿನಸಿ, ಬಾಡಿಗೆ, ಜಗಳ,
ನಾದಿನಿಯ ಮದುವೆಯ ಚಾಡಿ, ಎಲ್ಲ ಅದರಲ್ಲೇ.
ಕನ್ನಡಿಯಲ್ಲಿ ಅಕ್ಷರ ತಿರುಗಾಮುರುಗಾ ಆಗುತ್ತದೆ, ನಿಜ;
ತುಟಿಗೆ ಎಲ್ಲಿಯ ಎಡ, ಎಲ್ಲಿಯ ಬಲ?
ಪೊಲೀಸರು ಎರಡು ಸಲ ದಂಡ ಹಾಕಿದ್ದಾರೆ.

ಹಾಗಾದರೆ ಇದು ನೋಡಿ ಅಂತ ಮೂರನೆಯ ಜಾತಿ ತೆಗೆದೆ.
ಗುಂಡಿ ಒತ್ತಿದರೆ ಗದ್ದ ಮೇಲೇಳುತ್ತದೆ,
ಸಿಗ್ನಲ್ಲಿನಲ್ಲಿ ನಿಂತಾಗ ತೆರೆದು ಮಾತಾಡಬಹುದು.
ಅವಳು ಅಂಗೈಯಲ್ಲಿಟ್ಟು ಕರಬೂಜದಂತೆ ತೂಗಿದಳು,
ಕೆಳಗಿಟ್ಟಳು,
ನನ್ನ ಬಿಲ್ಲುಪುಸ್ತಕ ಎಳೆದುಕೊಂಡು ಬರೆದಳು:
ಇವನು ನಿಂತಾಗ ಮಾತೇ ಆಡುವುದಿಲ್ಲ.
ಗಾಡಿ ಓಡಿದರೆ ಮಾತ್ರ ಬಾಯಿ.

ಮೂವರೂ ನಕ್ಕೆವು. ನನ್ನ ತಿರುಪು ನೋಯುವಷ್ಟು.

ಕೊನೆಗೆ ಪೂರ್ತಿ ಮುಚ್ಚುವುದನ್ನು ಅವಳು ಕೊಂಡಳು, ತನಗೆ.
ಒಳಗೆ ಏನೂ ಕೇಳಿಸುವುದಿಲ್ಲ ಎಂಬ ದೂರು
ಅವಳಿಗೆ ದೂರೇ ಅಲ್ಲ; ಗಾಜು ಅಗಲವಿದ್ದರೆ ಸಾಕು.
ಅವನು ತನ್ನ ಹಳೆಯದನ್ನೇ ಕಂಕುಳಲ್ಲಿ ಸಿಕ್ಕಿಸಿಕೊಂಡ,
ಪಟ್ಟಿ ಹಿಂಜಿದ್ದು, ಕೆಂಪು, ಮುಖ ತೆರೆದದ್ದು.
ಇನ್ನೊಮ್ಮೆ ಮುಟ್ಟು ಅಂದೆ.
ಸುಟ್ಟ ಕಲೆಗಳ ಬೆರಳಿಂದ ನನ್ನ ಗದ್ದ ಮುಟ್ಟಿದ,
ಒಂದೊಂದೇ ತಿರುಪು ಎಣಿಸಿದ. ಐದು ಅಂದ.
ಆರು, ಅಂದೆ.

ಏರು ಹತ್ತಿ ಹೋದರು.
ದೀಪದ ಕಂಬದಡಿ ಅವನ ಬಾಯಿ ಆಡುತ್ತಿತ್ತು,
ಹಿಂದೆ ಆ ಕಪ್ಪು ಗೋಳ
ಹೂಂ, ಹೂಂ, ಎಂದು ತೂಗುತ್ತಿತ್ತು, ಆಮೇಲೆ ಒಮ್ಮೆ
ಜೋರಾಗಿ ಅಡ್ಡಡ್ಡ ಆಡಿತು. ಏನು ಅಂದನೋ.

ಈಗಲೂ ಗದ್ದ ಮುಟ್ಟಿಸುತ್ತೇನೆ. ಬಿಟ್ಟಿಲ್ಲ.
ಮುಟ್ಟಿಸುವ ಮುಂಚೆ ಮಾತ್ರ ಕೇಳುತ್ತೇನೆ:
ಹಿಂದೆ ಯಾರು ಕೂರುತ್ತಾರೆ?