ಎರಡು ಮೊಳ ಕಮ್ಮಿ

ಕಾರವಾರದ ಟಿಕೆಟ್ಟು ನಾಲ್ಕೂ
ವೇಟಿಂಗ್ ಲಿಸ್ಟಿನಲ್ಲಿ ನಲವತ್ತೇಳರಿಂದ
ಮೂವತ್ತೊಂದಕ್ಕೆ ಇಳಿದು ಅಲ್ಲೇ ಕೂತುಬಿಟ್ಟವು.
ದುಡ್ಡು ವಾಪಸ್ಸು ಬಂತು.
ಹರಿಣಿ ಒಂದಿಡೀ ದಿನ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ಕರೆಂಟ್ ಬಿಲ್ಲಿನ ಹಿಂದೆ
ನಕ್ಷೆ ಬರೆದು ತಂದಳು:
ಇಲ್ಲಿ ಕಾಡು, ಇಲ್ಲಿ ಸಮುದ್ರ,
ನಡುವೆ ಚುಕ್ಕಿ ಚುಕ್ಕಿ ದಾರಿ,
ಅಪ್ಪನಿಗೆ ಸುಸ್ತಾಗುವ ಜಾಗಕ್ಕೊಂದು ಗುಣಾಕಾರದ ಗುರುತು.
ಹೋಗಿದ್ದು ಜಕ್ಕೂರು ಕೆರೆಗೆ.

ಕಾಡು ಎಂದರೆ ಹದಿನಾರು ಹೊಂಗೆ, ಒಂದು ಅತ್ತಿ,
ವಾಕಿಂಗಿನವರ ಸ್ಪೀಕರ್ ಫೋನಿನಲ್ಲಿ ಯಾರದೋ ಸೈಟಿನ ಜಗಳ.
ಆದರೂ ಅವಳ ಕಾನೂನು: ಕಾಡಲ್ಲಿ ಪಿಸುಮಾತು ಮಾತ್ರ.
ಪಿಸುಗುಟ್ಟುತ್ತಲೇ ಎಣಿಸಿದೆವು
ಎಲೆ ಹೊಲಿದು ಗೂಡು ಕಟ್ಟಿದ ಕೆಂಜಿಗ,
ಅತ್ತಿಹಣ್ಣಿನೊಳಗಿನ ಹುಳ,
ಕೊಂಬೆಗೆ ಯಾರೋ ಕಟ್ಟಿ ಮರೆತ ಹರಕೆಯ ಹಸಿರು ಬಳೆ.
ಮೋಹಿತ ಒಂದು ಬೆಣಚುಕಲ್ಲು ನೆಕ್ಕಿ
ಉಪ್ಪಿಲ್ಲ ಎಂದು ದೂರು ಕೊಟ್ಟ.
"ಇನ್ನೂ ಕಾಡಲ್ಲಿದೀವಿ ಕಣೋ, ಸುಮ್ನಿರು."

ಮರ ಮುಗಿದು ನೀರು ಕಂಡಾಗ
ದೇವಸ್ಥಾನದ ಹಾಗೆ ಚಪ್ಪಲಿ ಬಿಟ್ಟಳು.
ಅಲೆ ಇರಲಿಲ್ಲ. ಹೆಜ್ಜಾರ್ಲೆಯೊಂದು ಇಳಿದು
ಒಂದೇ ಒಂದು ಅಲೆ ಮಾಡಿಕೊಟ್ಟಿತು;
ಜೊಂಡಿನ ಬುಡಕ್ಕೆ ಬರುವಷ್ಟರಲ್ಲಿ ಅದೂ ಮುಗಿದಿತ್ತು.
ಮರಳಿನ ಬದಲು ಕಪ್ಪು ಕೆಸರು, ಶಾಂಪೂ ಪೊಟ್ಟಣ,
ಹೆಬ್ಬೆರಳ ಉಗುರಿನಷ್ಟು ಖಾಲಿ ಬಸವನಹುಳದ ಚಿಪ್ಪು.
ಕಿವಿಗಿಟ್ಟುಕೊಂಡಳು.
"ಕೇಳ್ತಾ ಇದೆಯಾ?" ಅಂದರು ಇವರು.
"ವಿಮಾನ ಕೇಳ್ತಿದೆ."
ನಿಜ. ಏರೋಡ್ರೋಮಿನ ಪುಟ್ಟ ವಿಮಾನ
ನಮ್ಮ ತಲೆಯ ಮೇಲೇ ತಿರುವು ಕಲಿಯುತ್ತಿತ್ತು.

ತೂಬಿನ ಹತ್ತಿರ ಬಲೆ ಬಿಡಿಸುತ್ತಿದ್ದ ಚಿಕ್ಕಮುನಿಯಪ್ಪ
(ಅವರ ತಾತ ಈ ಕೆರೆಗೆ ನೀರುಗಂಟಿಯಂತೆ)
ನಕ್ಷೆ ಇಸಕೊಂಡು, ತಲೆಕೆಳಗಾಗಿ ಹಿಡಿದು
ಬಹಳ ಹೊತ್ತು ನೋಡಿದರು.
ತಪ್ಪೇನಿಲ್ಲ ಮಗಾ, ಇನ್ನೊಂಚೂರು ಉದ್ದ ಬರೀಬೇಕಾಗಿತ್ತು.
ಇದು ಕೋಡಿ ಬಿದ್ರೆ ರಾಚೇನಹಳ್ಳಿಗೆ,
ಅಲ್ಲಿಂದ ಕೆಳಕ್ಕೆ, ಇನ್ನೂ ಕೆಳಕ್ಕೆ, ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ,
ಆಮೇಲೆ ಪಿನಾಕಿನಿ, ಆಮೇಲೆ ತಮಿಳ್ರ ಸೀಮೆ,
ಕೊನೇಗೆ ಕಡಲೂರು.
ಊರ ಹೆಸರಲ್ಲೇ ಐತಲ್ಲ.

"ಎಷ್ಟು ದಿನ?"
"ಮೊದ್ಲು ತುಂಬ್ಬೇಕು. ಎರಡು ಮೊಳ ಕಮ್ಮಿ ಐತೆ."

ಇವಳು ಹೊಂಗೆಯ ಕಾಯೊಂದರ ಮೇಲೆ
ಬಾಲ್‌ಪೆನ್ನಿನಲ್ಲಿ ನಾಲ್ಕು ಹೆಸರು ಗೀಚಿ
(ನನ್ನದು ಅರ್ಧಕ್ಕೇ ನಿಂತಿತು, ಜಾಗವಿರಲಿಲ್ಲ)
ಕೋಡಿಯ ಒಣಗಲ್ಲಿನ ಅಂಚಿಗೆ ಇಟ್ಟಳು.
ಚಿತ್ರಾನ್ನ ಮುಗಿಸಿ, ಮೇನ್ ರೋಡಿನಲ್ಲಿ ಬಸ್ಸು ಹಿಡಿದು
ಮನೆಗೆ ಬಂದರೂ ಕೈಗೆ ಬಲೆಯ ವಾಸನೆ;
ಸೋಪು ಹಚ್ಚಲು ಇಬ್ಬರೂ ಒಪ್ಪಲಿಲ್ಲ.

ಮೊನ್ನೆ ರಾತ್ರಿ, ಎರಡೋ ಎರಡೂವರೆಯೋ,
ಬಾಲ್ಕನಿಯ ಶೀಟಿನ ಮೇಲೆ ಮಳೆ ದಬದಬ ಬಿತ್ತು.
ಒಗೆದ ಬಟ್ಟೆ ಬಾಚಿಕೊಂಡು ಒಳಗೆ ಬಂದರೆ
ಹರಿಣಿ ಹಾಸಿಗೆಯಲ್ಲಿ ಎದ್ದು ಕೂತಿದ್ದಾಳೆ,
ಕಣ್ಣು ಇನ್ನೂ ಮುಚ್ಚಿಯೇ ಇದೆ:
"ಅಮ್ಮಾ, ನಮ್ದು ಈಗ ಎಷ್ಟನೇ ನಂಬರು?"