ಚೀಟಿಯ ಬೆನ್ನಿಗೆ

ಕೌಲ್ ಬಜಾರಿನ ತಗಡಿನ ಶೆಡ್ಡು, ಮೇ ತಿಂಗಳು.
ಕರೆಂಟು ಹೋಗಿ ಹದಿನಾರು ಮಷೀನು ಒಮ್ಮೆಗೇ ಸುಮ್ಮನಾದವು.
ಖಾಜಾಬನ್ನಿ ಚೀಟಿ ತೆಗೆದಳು,
ಜೀನ್ಸ್ ಬಂಡಲ್‌ಗೆ ಕಟ್ಟುವ ಸೈಜಿನ ಚೀಟಿ.
ಮುಂದೆ ಮೂವತ್ತೆರಡು, ಮೂವತ್ತನಾಲ್ಕು,
ಬೆನ್ನಿಗೆ ಅವಳ ಕಥೆ.

ಇಬ್ಬರು ಹೆಂಗಸರು, ಒಂದು ಬಾಡಿಗೆ ಖೋಲಿ.
ಒಬ್ಬಳು ಒಗ್ಗರಣಿಗೆ ಉಳ್ಳಾಗಡ್ಡಿ ಹೆಚ್ಚುತ್ತಾಳೆ,
ಇನ್ನೊಬ್ಬಳ ಕಣ್ಣಲ್ಲಿ ನೀರು.
ಅಷ್ಟೇ. ಮುತ್ತು ಮುಂದಿನ ಚೀಟಿಯಲ್ಲಿತ್ತು;
ಅದು ಯಾವ ಬಂಡಲ್ ಜೊತೆ ಹೋಯಿತೋ,
ಸೊಲ್ಲಾಪುರದಲ್ಲಿ ಯಾರ ಕಿಸೆಯಲ್ಲಿ ಕೂತಿದೆಯೋ.

ಜಿಪ್ಪು ಕೂಡಿಸುವ ದ್ಯಾವಮ್ಮ ಸೆರಗಿನಿಂದ ಬೀಸಿಕೊಳ್ಳುತ್ತ,
‘ಹ್ವಾದ ಬ್ಯಾಸಿಗ್ಯಾಗ ಇಬ್ಬರನ್ನೂ ಬಾವ್ಯಾಗ ಹಾಕಿದಿ.
ಈ ಸಲ ಸಾಯಿಸಬ್ಯಾಡ.
ಹೆಂಗೂ ಬರಿಯಾಕಿ ನೀನ,
ಆ ಖೋಲಿ ಬಾಡಿಗೀನೂ ಚೂರು ಇಳಸು’ ಅಂದಳು.
ಎಲ್ಲರೂ ನಕ್ಕರು.

ನಾನು ನಗಲಿಲ್ಲ.
ಕಥೆಯವಳ ಎಡ ಹೆಬ್ಬೆರಳಲ್ಲಿ
ಸೂಜಿ ಹಾಯ್ದ ಗುರುತಿತ್ತು.
ನೀಲಿ ಹತ್ತಿದ ನನ್ನ ಹೆಬ್ಬೆರಳನ್ನು
ಮುಷ್ಟಿಯೊಳಗೆ ಮಡಚಿಕೊಂಡೆ.

ಖಾಜಾಬನ್ನಿ ತಲೆಯೆತ್ತದೆ
ಖಾಲಿ ಚೀಟಿಯೊಂದನ್ನು ನನ್ನತ್ತ ದೂಡಿದಳು.
ಸೈಜು ಇಪ್ಪತ್ತೆಂಟು.
ಅಷ್ಟರಲ್ಲಿ ಫ್ಯಾನು ತಿರುಗಿತು, ಮಷೀನು ಗುರುಗುಟ್ಟಿದವು.
ಹಾರದಿರಲೆಂದು
ಅದರ ಮೇಲೆ ಕತ್ತರಿ ಇಟ್ಟೆ.